ಸಭೆಯ ಸಾಲು

ಎರಡನೇ ವರದಿ ಬಂದ ದಿನ ನಮ್ಮ ಮನೆಯವರು ಪೇಡೆ ತಂದು ಹಂಚಿದರು. ನಾನು ಒಂದನ್ನು ಬಾಯಿಗೆ ಹಾಕಿಕೊಂಡು ಮೊದಲನೇ ವರದಿಯನ್ನೇ ನೋಡುತ್ತಾ ಕೂತೆ. ಖುಷಿಯ ದಿನವೂ ಮುಖ ಗಂಟಿಕ್ಕಿಕೊಂಡು ಕೂರುವುದು ಇವಳ ಚಾಳಿ ಎಂದು ಅವರು ಅಂದುಕೊಂಡಿರಬೇಕು. ಅದು ಚಾಳಿಯೂ ಹೌದು, ಸುಳ್ಳು ಯಾಕೆ ಹೇಳಲಿ.

ತಿಕೋಟಾದ ಆಚೆ, ಅಥಣಿ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮದು ಮೂರೂವರೆ ಎಕರೆ ದ್ರಾಕ್ಷಿ ಪಡ. ಬಂದ ಹಣ್ಣನ್ನೆಲ್ಲ ಶೆಡ್ಡಿನ ಜಾಳಿಗೆಯ ಮೇಲೆ ಒಣಗಿಸಿ, ಮಣೂಕ, ಅಂದರೆ ಒಣದ್ರಾಕ್ಷಿ, ಮಾಡಿ ಮಾರುತ್ತೇವೆ. ಆ ವರ್ಷ ಕೊಳ್ಳಲು ಬಂದವರು ಮಣೂಕದಲ್ಲಿ ಔಷಧದ ಅಂಶ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಿಯೇ ತೆಗೆದುಕೊಳ್ಳುವವರು. ಅವರ ಕಡೆಯವನೊಬ್ಬ ಮಳೆಗಾಲದ ಶುರುವಿನಲ್ಲಿ ಬಂದು, ಬಾಗಿಲ ಬಳಿ ಇದ್ದ ಕ್ರೇಟಿನಿಂದ ಒಂದು ಚೀಲ ತುಂಬಿಕೊಂಡು ಹೋದ. ಮೂರು ಔಷಧ ಮಿತಿಗಿಂತ ಹೆಚ್ಚಿವೆ ಎಂದು ವರದಿ ಬಂತು. ಮನೆಯವರು ಜಗಳಾಡಿ ಇನ್ನೊಮ್ಮೆ ಮಾದರಿ ತೆಗೆಸಿದರು, ಈ ಸಲ ಒಳಗಿನ ರಾಶಿಯಿಂದ. ಅದರಲ್ಲಿ ಎಲ್ಲವೂ ಮಿತಿಯೊಳಗೇ ಇತ್ತು. ಲ್ಯಾಬಿನವರೇ ಮೊದಲ ಸಲ ತಪ್ಪು ಮಾಡಿದ್ದಾರೆ ಎಂದು ಎಲ್ಲರೂ ಒಪ್ಪಿಕೊಂಡು ಪೇಡೆ ತಿಂದರು.

ಬಾಗಿಲ ಬಳಿಯ ಕ್ರೇಟು ಯಾವುದೆಂದು ನನಗೆ ಗೊತ್ತಿತ್ತು. ಅದನ್ನು ಬೇರೆಯಾಗಿ ಎತ್ತಿಟ್ಟವಳೇ ನಾನು. ಅದು ಸಭೆಯ ಸಾಲಿನ ಮಣೂಕ.

ಸಭೆಯ ಸಾಲು ಎಂದರೆ ನಮ್ಮ ಪಡದ ಮೊದಲನೇ ಸಾಲು. ಬಾವಿಯ ಪಕ್ಕದ್ದು, ಅರವತ್ತು ಗಿಡ. ಪಡ ಹಚ್ಚಿದ ವರ್ಷವೇ ನಮ್ಮ ಮಾವನವರು ಆ ಸಾಲನ್ನು ದೇವರಿಗೆಂದು ಬಿಟ್ಟರು. ವಿಜಯಪುರದ ಇಬ್ರಾಹಿಂಪುರದಲ್ಲಿ ರೈಲು ಹಳಿಯ ಹತ್ತಿರ ನಮ್ಮ ಸಭೆಯ ಚಿಕ್ಕ ಚರ್ಚು ಇದೆ. ತಿಂಗಳ ಮೊದಲ ಭಾನುವಾರ ಅಲ್ಲಿ ಕರ್ತನ ಭೋಜನ, ಯೇಸುವಿನ ನೆನಪಿಗೆ ಎಲ್ಲರೂ ರೊಟ್ಟಿಯ ಚೂರು ತಿಂದು ಒಂದೇ ಬಟ್ಟಲಿನಿಂದ ಗುಟುಕು ರಸ ಕುಡಿಯುವುದು. ಆ ಬಟ್ಟಲಿಗೆ ಬೇಕಾದ ದ್ರಾಕ್ಷಾರಸ ವರ್ಷವಿಡೀ ನಮ್ಮ ಮನೆಯಿಂದಲೇ ಹೋಗಬೇಕು. ಉಳಿದ ಹಣ್ಣು ಮಣೂಕವಾಗಿ ಕ್ರಿಸ್‌ಮಸ್ಸಿಗೆ ಮನೆಮನೆಗೆ ಹಂಚಿಕೆಯಾಗುತ್ತದೆ. ಮಾವನವರು ತೀರಿಕೊಂಡ ಮೇಲೆ ಅತ್ತೆ ಆ ಪದ್ಧತಿಯನ್ನು ಒಂದು ಎಳೆಯೂ ತಪ್ಪದಂತೆ ನಡೆಸಿಕೊಂಡು ಬಂದರು. ರಸ ಕುದಿಸುವ ಕೆಲಸ ಅವರ ಕೈ ನಡುಗತೊಡಗಿದ ಮೇಲೆ ನನಗೆ ಬಂತು. ಹಣ್ಣು ತೊಳೆದು, ಕೈಯಲ್ಲೇ ಹಿಚುಕಿ, ಬಿಳಿ ಬಟ್ಟೆಯಲ್ಲಿ ಸೋಸಿ, ಮೂರರಲ್ಲಿ ಒಂದು ಪಾಲು ಇಂಗುವವರೆಗೆ ಕುದಿಸಿ, ಬಿಸಿಯಾಗಿದ್ದಾಗಲೇ ಬಾಟಲಿಗೆ ಹಾಕಿ ಮೇಣದಿಂದ ಬಾಯಿ ಬಿಗಿಯಬೇಕು. ಕುದಿಯುವಾಗ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವಂತಿಲ್ಲ. ಅದೂ ಮಾವನವರ ನಿಯಮವೇ.

"ಸಭಾದ್ದು ಮೊದಲ, ನಮ್ದು ಆಮ್ಯಾಲ," ಎಂಬುದು ಅತ್ತೆಯ ಮಾತು. ಚಾಟ್ನಿ ಮಾಡುವಾಗ, ಅಂದರೆ ಗಿಡದ ಕಡ್ಡಿ ಸವರುವಾಗ, ಮೊದಲ ಕತ್ತರಿ ಆ ಸಾಲಿಗೆ. ನೀರು ಬಿಟ್ಟರೆ ಮೊದಲು ಆ ಸಾಲಿಗೆ. ಗೊಬ್ಬರ ಬಂದರೂ ಮೊದಲ ಬುಟ್ಟಿ ಅಲ್ಲಿಗೇ.

ಔಷಧವೂ ಮೊದಲು ಅಲ್ಲಿಗೇ.

ಪೇಡೆ ತಿಂದ ಮರುದಿನ ನಾನು ಔಷಧದ ಕೋಣೆಯಲ್ಲಿ ಗೋಡೆಗೆ ನೇತುಹಾಕಿದ ಸಿಂಪರಣೆಯ ವಹಿ ತೆಗೆದು ಓದಿದೆ. ಆ ವಹಿ ಬರೆಯುವವಳೂ ನಾನೇ, ಆದರೆ ಬರೆಯುವುದು ಬೇರೆ, ಓದುವುದು ಬೇರೆ. ಟ್ರ್ಯಾಕ್ಟರಿನ ಹಿಂದೆ ಕಟ್ಟಿದ ಬ್ಲೋವರು ಬಾವಿಯ ಬಳಿ ಟಾಕಿ ತುಂಬಿಸಿಕೊಂಡು ಸಭೆಯ ಸಾಲಿನಿಂದ ಶುರು ಮಾಡುತ್ತದೆ. ಟಾಕಿ ತುಂಬಿರುವಾಗ ಒತ್ತಡ ಜಾಸ್ತಿ. ಎರಡನೇ ಸಾಲು ಮುಗಿಸಿ ಬಾವಿಯ ಕಡೆ ತಿರುಗುವಾಗ ಯಾರೂ ನಳಿಕೆ ಬಂದ್ ಮಾಡುವುದಿಲ್ಲ, ಹಾಗಾಗಿ ಮೊದಲ ಸಾಲಿಗೆ ಇನ್ನೊಂದು ಸುತ್ತು ಬೀಳುತ್ತದೆ. ಟಾಕಿಯ ತಳದಲ್ಲಿ ಉಳಿದಿದ್ದನ್ನು ಚೆಲ್ಲಬಾರದೆಂದು ಕೊನೆಗೆ ಅದೇ ಸಾಲಿಗೆ ಹೊಡೆದು ಖಾಲಿ ಮಾಡುತ್ತೇವೆ. ದೇವರ ಸಾಲಿಗೆ ಹೆಚ್ಚಾದರೆ ಒಳ್ಳೆಯದೇ ಎಂದು ನಾನೇ ಹಲವು ಸಲ ಹೇಳಿದ್ದೇನೆ.

ಇನ್ನೊಂದು ಸಂಗತಿಯೂ ಇತ್ತು. ಕೊನೆಯ ಔಷಧ ಹೊಡೆದ ಮೇಲೆ ಹಣ್ಣು ಕೊಯ್ಯಲು ಇಂತಿಷ್ಟು ದಿನ ಕಾಯಬೇಕೆಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಇಡೀ ಪಡಕ್ಕೆ ನಾವು ಕಾಯುತ್ತೇವೆ. ಆದರೆ ಪ್ರಥಮ ಫಲ ಎಂದು ಸಭೆಯ ಸಾಲನ್ನು ಎಲ್ಲಕ್ಕಿಂತ ವಾರ ಮುಂಚೆ ಕೊಯ್ಯುತ್ತೇವೆ. ಎಲ್ಲಕ್ಕಿಂತ ಹೆಚ್ಚು ಔಷಧ ಕುಡಿದ ಸಾಲನ್ನು ಎಲ್ಲಕ್ಕಿಂತ ಮುಂಚೆ ಕೊಯ್ದು, ಕುದಿಸಿ ಗಟ್ಟಿ ಮಾಡಿ, ದೇವರ ಮೇಜಿನ ಮೇಲೆ ಇಟ್ಟಿದ್ದೆವು.

ಮನೆಯವರಿಗೆ ಹೇಳಿದೆ. ಅವರು ಮೆಟ್ಟಿಲ ಮೇಲೆ ಕೂತು ಬೂಟಿನ ಮಣ್ಣು ಕೆರೆಯುತ್ತಿದ್ದರು.

"ಬಾಗಲದಾಗಿನ ಕ್ರೇಟು ಸಭಾದ್ದು ರಿ. ಮೊದಲನೇ ರಿಪೋರ್ಟು ಸುಳ್ಳಲ್ಲ."

ಅವರು ಕೆರೆಯುವುದನ್ನು ನಿಲ್ಲಿಸಲಿಲ್ಲ. "ರಸಾ ಕುದಸ್ತೀ ಅಲಾ ನೀ? ಕುದಿಸಿದ್ರ ಹೋಗಿರತೈತಿ ತಗೋ."

ಅದೊಂದು ಆಸೆ ನನಗೂ ಇತ್ತು. ಬಬಲೇಶ್ವರದಲ್ಲಿ ಔಷಧ ಅಂಗಡಿ ಇಟ್ಟಿರುವವರೊಬ್ಬರು ಕೃಷಿ ಓದಿದವರು, ನಮಗೆ ಹಳೆಯ ಪರಿಚಯ. ಬಸ್ಸು ಬದಲಿಸಿ ಅಲ್ಲಿಗೆ ಹೋಗಿ ಕೇಳಿದೆ.

"ಕೆಲವು ಹೋಗತಾವ್ರಿ ಅಕ್ಕಾರ. ಕೆಲವು ಹೋಗಾಂಗಿಲ್ಲ, ರಸಾ ಗಟ್ಟಿ ಆದಂಗ ಅವೂ ಗಟ್ಟಿ ಆಗತಾವು," ಎಂದರು. ನನ್ನ ಮುಖ ನೋಡಿ, "ತಿಂಗಳಿಗೊಂದು ಗುಟುಕಿಗೆ ಏನೂ ಆಗೂದಿಲ್ಲ ಬಿಡ್ರಿ. ಪ್ಯಾಟಿ ಹಣ್ಣಿನ್ಯಾಗ ಇದಕ್ಕಿಂತ ಜಾಸ್ತಿ ಇರತೈತಿ," ಎಂದು ಸಮಾಧಾನವನ್ನೂ ಹೇಳಿದರು. ಅವರು ಹೇಳಿದ್ದು ನಿಜವೇ ಇರಬಹುದು. ಆದರೆ ಪೇಟೆಯ ಹಣ್ಣನ್ನು ಕೈಯಲ್ಲಿ ಹಿಡಿದು ಯಾರೂ ಪ್ರಾರ್ಥನೆ ಮಾಡುವುದಿಲ್ಲ. ನನ್ನ ಮಗಳು ಹಿಂದಿನ ವರ್ಷ ದೃಢೀಕರಣ ಪಡೆದು ಮೊದಲ ಸಲ ಆ ಬಟ್ಟಲು ಮುಟ್ಟಿದಾಗ ನಾನು ಹಿಂದಿನ ಬೆಂಚಿನಲ್ಲಿ ಕೂತು ಅತ್ತಿದ್ದೆ. ಬಸ್ಸಿನಲ್ಲಿ ಮನೆಯವರೆಗೂ ಅದೇ ದಿನ ನೆನಪಾಗುತ್ತಿತ್ತು.

ಚರ್ಚಿನ ಕಪಾಟಿನಲ್ಲಿ ಇನ್ನೂ ನಾಲ್ಕು ಬಾಟಲಿ ಇದ್ದವು. ಆ ಶನಿವಾರ ಹೋಗಿ ತಂದುಬಿಟ್ಟೆ. ನಮ್ಮ ಸಭಾಪಾಲಕರು ಅಂಗಳದಲ್ಲಿ ಕುರ್ಚಿ ಒರೆಸುತ್ತಿದ್ದರು.

"ಯಾಕ್ರಿ ಅಕ್ಕಾರ, ಏನಾತು?" ಎಂದು ಕೇಳಿದರು.

"ಹುಳಿ ಬಂದಾವ್ರಿ ಅಯ್ಯನೋರ," ಎಂದೆ.

ಇಷ್ಟೇ ಹೇಳಿದ್ದು. ಬಾಟಲಿಗಳನ್ನು ಚೀಲಕ್ಕೆ ಹಾಕಿಕೊಂಡು ಚರ್ಚಿನ ಮೆಟ್ಟಿಲು ಇಳಿದೆ. ಮೂವತ್ತು ವರ್ಷ ಅದೇ ಮೆಟ್ಟಿಲು ಹತ್ತಿದವಳು, ಅಲ್ಲೇ ನಿಂತು ಸುಳ್ಳು ಹೇಳಿ ಬಂದೆ. ಬಾಟಲಿಗಳನ್ನು ಮನೆಗೆ ತಂದು ಎಲ್ಲಿ ಚೆಲ್ಲಬೇಕೆಂದು ತಿಳಿಯದೆ ಔಷಧದ ಕೋಣೆಯಲ್ಲಿ, ಔಷಧದ ಡಬ್ಬಿಗಳ ಪಕ್ಕದಲ್ಲೇ ಇಟ್ಟೆ. ಸಭೆಯ ಮಣೂಕದ ಕ್ರೇಟನ್ನೂ ಅಲ್ಲಿಗೇ ಸೇರಿಸಿದೆ. ಮುಂದಿನ ತಿಂಗಳುಗಳಲ್ಲಿ ಅಯ್ಯನವರು ಪೇಟೆಯಿಂದ ಮಣೂಕ ತಂದು, ನೆನೆಸಿ ಕುದಿಸಿದ ನೀರನ್ನೇ ಬಟ್ಟಲಿಗೆ ಹಾಕಿದರು. ಆ ಮಣೂಕ ಯಾರ ಪಡದ್ದೋ, ಅದರ ಸಿಂಪರಣೆಯ ವಹಿ ಯಾರು ಬರೆದರೋ.

ಮನೆಯವರೂ ನಾನೂ ಒಂದು ಒಪ್ಪಂದಕ್ಕೆ ಬಂದೆವು. ಮುಂದಿನ ಹಂಗಾಮಿಗೆ ಸಭೆಯ ಸಾಲಿಗೆ ಪೇಟೆಯ ಔಷಧ ಇಲ್ಲ. "ನಿನ್ನ ಸಾಲು, ನಿನ್ನ ಹೊಣಿ. ರೋಗ ಬಂದ್ರ ನಾ ಬಾಯಿ ಮುಚ್ಚಕೊಂಡ ಕುಂದ್ರೂದಿಲ್ಲ," ಎಂದರು. ಅತ್ತೆಗೆ ವಿಷಯ ಹೇಳುವುದು ಬೇಡ ಎಂದೂ ಇಬ್ಬರೂ ನಿರ್ಧರಿಸಿದೆವು. ಗಂಡ ಕಟ್ಟಿದ ನಿಯಮವನ್ನು ಎದೆಗವಚಿಕೊಂಡು ಬದುಕಿದ ಮುದುಕಿಗೆ, ಆ ನಿಯಮವೇ ವಿಷ ತಂದಿತು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅದು ದಯೆ ಎಂದು ಆಗ ಅಂದುಕೊಂಡಿದ್ದೆ. ಹೆದರಿಕೆ ಎಂದು ಈಗ ಗೊತ್ತು.

ಕೆಲಸ ಮಣ್ಣಿನಿಂದ ಶುರುವಾಯಿತು. ಆಗಸ್ಟಿನಲ್ಲಿ ಆ ಸಾಲಿನ ಬುಡ ಅಗೆದೆ. ಕಳೆನಾಶಕ ಬಿದ್ದು ಬಿದ್ದು ನೆಲ ಸಾರಿಸಿದ ಅಂಗಳದಂತೆ ಬಿಗಿದುಕೊಂಡಿತ್ತು. ಹತ್ತು ಗುಣಿ ತೆಗೆದರೂ ಒಂದು ಎರೆಹುಳು ಸಿಗಲಿಲ್ಲ. ಹತ್ತನೇ ಸಾಲಿನಲ್ಲಿ ತೆಗೆದ ಒಂದೇ ಗುಣಿಯಲ್ಲಿ ನಾಲ್ಕು ಸಿಕ್ಕವು. ತಿಪ್ಪೆಗೊಬ್ಬರ ಹಾಕಿ, ಸೆಣಬು ಬಿತ್ತಿ, ಅದು ಮೊಣಕಾಲುದ್ದ ಬಂದಾಗ ಮಗುಚಿ, ಮೇಲೆ ಕಬ್ಬಿನ ರವದಿ, ಅಂದರೆ ಒಣಗಿದ ಸೋಗೆ, ಹೊದಿಸಿದೆ. ರವದಿ ಅಂಗೈ ಕೊಯ್ಯುತ್ತದೆ. ರಾತ್ರಿ ರೊಟ್ಟಿ ಬಡಿಯಲು ಹೋದರೆ ಉರಿ.

ಅಕ್ಟೋಬರಿನಲ್ಲಿ ಚಾಟ್ನಿ ಆಯಿತು. ಚಿಗುರು ಒಡೆದ ಮೇಲೆ ನನ್ನ ಕೈಯಲ್ಲಿ ಇದ್ದ ಆಯುಧ ಬೋರ್ಡೋ ದ್ರಾವಣ ಒಂದೇ. ಮೈಲುತುತ್ತವನ್ನು ಬಟ್ಟೆಯಲ್ಲಿ ಕಟ್ಟಿ ಪ್ಲಾಸ್ಟಿಕ್ ಡ್ರಮ್ಮಿನ ನೀರಲ್ಲಿ ರಾತ್ರಿಯಿಡೀ ಇಳಿಬಿಡಬೇಕು. ಇನ್ನೊಂದು ಡ್ರಮ್ಮಿನಲ್ಲಿ ಸುಣ್ಣ ಅರಳಿಸಬೇಕು. ಬೆಳಿಗ್ಗೆ ಎರಡನ್ನೂ ಮೂರನೆಯದಕ್ಕೆ ಒಟ್ಟಿಗೆ ಸುರಿಯುತ್ತಾ ಕಟ್ಟಿಗೆಯಿಂದ ತಿರುವುತ್ತಿರಬೇಕು. ಆಮೇಲೆ ಉಜ್ಜಿದ ಕುಡುಗೋಲನ್ನು ಅದರಲ್ಲಿ ಅದ್ದಿ ಹಿಡಿಯಬೇಕು. ಕುಡುಗೋಲಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ, ಇನ್ನಷ್ಟು ಹಾಕಬೇಕು. ಇದೂ ಔಷಧವೇ. ತಾಮ್ರ ಮಣ್ಣಿನಲ್ಲಿ ಉಳಿಯುತ್ತದೆ ಎಂಬುದು ಗೊತ್ತಿದ್ದೇ ಹೊಡೆದೆ. ಕೈ ತೊಳೆದುಕೊಂಡು ನಾನು ಪರಿಶುದ್ಧಳು ಎಂದು ಹೇಳುವ ಹಾಗೇನೂ ಇರಲಿಲ್ಲ.

ಮೊದಲ ಸಲವೇ ತಪ್ಪಿದೆ. ಎಳೆ ಎಲೆಗೆ ಅರ್ಧ ಪ್ರಮಾಣ ಸಾಕು. ನಾನು ದೊಡ್ಡ ಎಲೆಗೆ ಹೊಡೆಯುವಂತೆ ನೂರು ಲೀಟರಿಗೆ ಕಿಲೋ ಲೆಕ್ಕದಲ್ಲೇ ಕಲಸಿ, ಬೆನ್ನ ಮೇಲೆ ಪಂಪು ಹೊತ್ತು ಅರವತ್ತು ಗಿಡಕ್ಕೂ ಹೊಡೆದೆ. ಮೂರನೇ ದಿನ ಎಲೆಯ ಅಂಚು ಸುಟ್ಟ ಹಪ್ಪಳದಂತಾಯಿತು. ಅತ್ತೆ ಕೋಲೂರಿಕೊಂಡು ಬಂದು ನೋಡಿದರು.

"ಬ್ಯಾರೆ ಸಾಲಿಗಿ ಛಲೋ ಔಷಧ ಹೊಡೀತೀರಿ. ದೇವರ ಸಾಲಿಗಿ ಸುಣ್ಣದ ನೀರು. ಕೈ ಇಷ್ಟ್ಯಾಕ ಬಿಗಿ ಆತು ನಿಮ್ದು?" ಎಂದರು.

ನಾನು ಹೂಂ ಎಂದು ಪಂಪು ತೊಳೆಯುತ್ತಾ ನಿಂತೆ. ದೇವರಿಗೆ ಜಿಪುಣತನ ಮಾಡುವ ಸೊಸೆ ಎಂಬ ಹೆಸರು ಬಂತು. ಆ ಹೆಸರನ್ನು ಒಂದು ತಿಂಗಳಿಗೂ ಮಿಕ್ಕಿ ಹೊತ್ತೆ.

ಮನೆಯವರು ಬ್ಲೋವರು ಹೊಡೆಯುವ ದಿನ ನನಗೆ ಬೇರೆಯೇ ಕೆಲಸ. ಮಣೂಕ ಶೆಡ್ಡಿನ ಹಸಿರು ಪರದೆಗಳನ್ನು ಒಂದಕ್ಕೊಂದು ಹೊಲಿದು, ಒಂದನೇ ಮತ್ತು ಎರಡನೇ ಸಾಲಿನ ನಡುವೆ ತಂತಿಗೆ ಕಟ್ಟುತ್ತಿದ್ದೆ. ಗಾಳಿ ಬಂದರೆ ಪರದೆ ಹಾಯಿಯಂತೆ ಉಬ್ಬಿ ಗೂಟವನ್ನೇ ಕಿತ್ತುಕೊಂಡು ಹೋಗುತ್ತಿತ್ತು. ಹೊಡೆದಾದ ಮೇಲೆ ಬಿಚ್ಚಿ, ತೊಳೆದು, ಒಣಗಿಸಿ, ಮೂರು ದಿನಕ್ಕೆ ಮತ್ತೆ ಕಟ್ಟುವುದು. ಕಟ್ಟಿ ಬಿಚ್ಚಿ ಕಟ್ಟಿ ಬಿಚ್ಚಿ ನನ್ನ ಬಲ ಭುಜ ಹಿಡಿದುಕೊಂಡಿತು. ತಲೆ ಬಾಚಲು ಮಗಳನ್ನು ಕರೆಯಬೇಕಾಯಿತು.

ಸಂಜೆ ಏಳಕ್ಕೆ ನಮ್ಮ ಮನೆಯಲ್ಲಿ ಕುಟುಂಬ ಪ್ರಾರ್ಥನೆ. ಚಾಪೆ ಹಾಸಿ ಎಲ್ಲರೂ ಕೂರುತ್ತೇವೆ. ಅತ್ತೆ ಕೀರ್ತನೆಯೊಂದನ್ನು ಬಾಯಿಪಾಠ ಹೇಳುತ್ತಾರೆ, ಆಮೇಲೆ ಒಬ್ಬೊಬ್ಬರು ಒಂದೊಂದು ದಿನ ಪ್ರಾರ್ಥನೆ ಮಾಡಬೇಕು. ಆ ತಿಂಗಳುಗಳಲ್ಲಿ ನನ್ನ ಸರದಿಯ ಪ್ರಾರ್ಥನೆ ಒಂದೇ ಸಾಲಿನದು. "ಕರ್ತನೇ, ನಮ್ಮನ್ನು ನೀನೇ ನೋಡಿಕೋ," ಎಂದು ಮುಗಿಸಿಬಿಡುತ್ತಿದ್ದೆ. ಕೆಲವು ದಿನ ಅಷ್ಟೂ ಹೇಳದೆ ಕೂತಲ್ಲೇ ತೂಕಡಿಸುತ್ತಿದ್ದೆ. ದೇವರಿಗೆ ಎಲ್ಲ ಗೊತ್ತು ಎನ್ನುವ ಮಾತು ಆಗ ನನಗೆ ಸಮಾಧಾನ ಕೊಡಲಿಲ್ಲ, ದಣಿವನ್ನೇ ಕೊಟ್ಟಿತು.

ನವೆಂಬರಿನಲ್ಲಿ, ಹೂ ಬಿಡುವ ಹೊತ್ತಿಗೆ ಸರಿಯಾಗಿ, ನಾಲ್ಕು ದಿನ ಮೋಡ ಮುಸುಕಿ ಜಿಟಿಜಿಟಿ ಮಳೆ ಹಿಡಿಯಿತು. ದ್ರಾಕ್ಷಿ ಪಡದವರಿಗೆ ಅದಕ್ಕಿಂತ ಕೆಟ್ಟ ಹವೆ ಇಲ್ಲ. ಐದನೇ ದಿನ ಸಭೆಯ ಸಾಲಿನ ಎಲೆಗಳ ಮೇಲೆ ಎಣ್ಣೆ ಬಿದ್ದಂಥ ಕಲೆ ಕಂಡವು. ಎಲೆ ಮಗುಚಿದರೆ ಅಡಿಯಲ್ಲಿ ಬಿಳಿ ಬೂಷ್ಟು. ಇದನ್ನೇ ನಾವು ದವಣಿ ರೋಗ ಎನ್ನುವುದು. ಹಿಡಿದ ಎಲೆಗಳನ್ನು ಒಂದೊಂದಾಗಿ ಕಿತ್ತು ಚೀಲಕ್ಕೆ ತುಂಬಿ, ಹೊರಗೆ ಒಯ್ದು ಹೂತೆ. ಮರುದಿನ ಅಷ್ಟೇ ಎಲೆ ಮತ್ತೆ ಹಿಡಿದಿದ್ದವು. ಅದರ ಮರುದಿನ ಬೂಷ್ಟು ಗೊಂಚಲಿಗೂ ಇಳಿಯಿತು.

ಬಾವಿಯ ಆಚೆ ಇನ್ನೊಬ್ಬರ ಪಡ. ಅದರ ಯಜಮಾನರನ್ನು ನಾನು ಕಾಕಾ ಎಂದೇ ಕರೆಯುವುದು. ಅವರು ಬದುವಿನ ಮೇಲೆ ನಿಂತು ನೋಡಿ, ನಿಧಾನವಾಗಿಯೇ ಹೇಳಿದರು.

"ತಂಗಿ, ನಿನ್ನ ಭಕ್ತಿ ತಪ್ಪ ಅನ್ನಾಂಗಿಲ್ಲ ನಾ. ನಿಮ್ಮ ಮಾವನ್ನ ನೋಡಿದಾಂವ ನಾ. ಆದ್ರ ಈ ದವಣಿ ನನ್ನ ಪಡಕ್ಕ ದಾಟಿದ್ರ ನಾ ಯಾರ ಮುಂದ ಹೋಗಿ ಹೇಳ್ಲಿ?"

ಅಷ್ಟರಲ್ಲಿ ಮನೆಯವರು ಬ್ಲೋವರಿಗೆ ಔಷಧ ಕಲಸಿ ಟ್ರ್ಯಾಕ್ಟರು ತಂದು ಸಾಲಿನ ತಲೆಗೆ ನಿಲ್ಲಿಸಿದರು. ಇಂಜಿನ್ ಬಂದ್ ಮಾಡಲಿಲ್ಲ.

"ಒಂದ ಸುತ್ತ ಹೊಡಿತೇನಿ, ಒಂದ. ಹಣ್ಣ ಕೊಯ್ಯಾಕ ಇನ್ನಾ ಎಂಬತ್ತು ದಿನ ಐತಿ. ಅಷ್ಟರೊಳಗ ಇಳದ ಹೋಗತೈತಿ. ಲ್ಯಾಬಿನ್ಯಾಗೂ ಸಿಗೂದಿಲ್ಲ."

ಅವರು ಹೇಳಿದ್ದು ಸರಿಯೇ. ಇಂದಿಗೂ ಸರಿ ಎಂದೇ ಹೇಳುತ್ತೇನೆ. ಆ ಔಷಧಕ್ಕೆ ಕಾಯುವ ದಿನಗಳು ಎಂಬತ್ತಕ್ಕಿಂತ ಬಹಳ ಕಡಿಮೆ. ನನಗೆ ಸಾಕಾಗಿಹೋಗಿತ್ತು. ಹೊಡೆಯಿರಿ ಎಂದು ಒಂದು ಮಾತು ಹೇಳಿದ್ದರೆ ಆ ಸಂಜೆ ಬೆಚ್ಚಗೆ ಸ್ನಾನ ಮಾಡಿ ಮಲಗಬಹುದಿತ್ತು. ಹೇಳಲು ಬಾಯಿಯನ್ನೂ ತೆರೆದೆ. ಆಗ ನೆನಪಾದದ್ದು ಚರ್ಚಿನ ಮೆಟ್ಟಿಲು. ಫೆಬ್ರವರಿಯಲ್ಲಿ ಬಾಟಲಿ ಕೊಟ್ಟು, ಇದಕ್ಕೆ ಪೇಟೆಯ ಔಷಧ ಹೊಡೆದಿಲ್ಲ ಎಂದು ಹೇಳಬೇಕಾದವಳು ನಾನು. ಹುಳಿ ಬಂದಿದೆ ಎಂದಿದ್ದು ಎಷ್ಟು ಸುಲಭವಾಗಿತ್ತು. ಎರಡನೆಯದು ಇನ್ನೂ ಸುಲಭವಾಗುತ್ತದೆ.

"ಹೊಡಿಬ್ಯಾಡ್ರಿ. ಗೊನಿ ಕಡದ ಹಾಕ್ತೇನಿ," ಎಂದೆ.

"ಎಲ್ಲಾನೂ?"

"ಬೂಷ್ಟು ಹಿಡದದ್ದು ಎಲ್ಲಾನೂ. ಎಲಿ ಸುದ್ದಾ. ಗಿಡಾ ಖಾಲಿ ಆದ್ರ ರೋಗ ಎಲ್ಲಿ ಕುಂದರತೈತಿ?"

ಅವರು ನನ್ನನ್ನು ನೋಡಿದರು, ಕಾಕಾನನ್ನು ನೋಡಿದರು. ಟ್ರ್ಯಾಕ್ಟರು ತಿರುಗಿಸಿಕೊಂಡು ಎರಡನೇ ಸಾಲಿಗೆ ಹೋದರು. ತಿರುಗುವಾಗ ಇಳಿದು ನಳಿಕೆ ಬಂದ್ ಮಾಡಿದ್ದನ್ನು ನಾನು ನೋಡಿದೆ. ಮೊದಲ ಸಲ ಹಾಗೆ ಮಾಡಿದ್ದು.

ಎರಡು ದಿನ ಕತ್ತರಿ ಹಿಡಿದು ಕಡಿದೆ. ಎಳೆಯ ಗೊಂಚಲು, ಇನ್ನೂ ಸಾಸಿವೆಯಷ್ಟು ಕಾಯಿ. ಎರಡನೇ ದಿನ ಮಧ್ಯಾಹ್ನ ಅತ್ತೆ ಬಂದು ಕೆಸರಿನಲ್ಲಿ ನಿಂತರು. ನನ್ನ ಕಾಲ ಬಳಿ ರಾಶಿ ಬಿದ್ದಿದ್ದನ್ನು ನೋಡಿದರು.

"ಯವ್ವಾ, ಸಭಾದ ಗೊನಿ ಕಡ್ಯಾಕತ್ತೀ?"

ಇನ್ನು ಸುಳ್ಳು ಹೇಳಲು ಶಕ್ತಿ ಇರಲಿಲ್ಲ. ಅದು ಧೈರ್ಯವಲ್ಲ, ಬರೀ ಸುಸ್ತು. ಕೆಸರಲ್ಲೇ ನಿಂತು ಎಲ್ಲ ಹೇಳಿದೆ. ಬಾಗಿಲ ಬಳಿಯ ಕ್ರೇಟು, ಎರಡು ವರದಿ, ತುಂಬಿದ ಟಾಕಿ, ಮುಂಚೆ ಕೊಯ್ಯುವುದು, ನಾಲ್ಕು ಬಾಟಲಿ. "ಮೊದಲ ಮೊದಲ ಅಂತ ಈ ಸಾಲಿಗಿ ಎಲ್ಲಾಕ್ಕಿಂತ ಹೆಚ್ಚ ವಿಷ ನಾವ ಹಾಕೇವ್ರಿ ಅತ್ತಿ," ಎಂದೆ.

ಅವರು ಪಕ್ಕದ ತಂತಿ ಹಿಡಿದುಕೊಂಡರು.

"ನಿಮ್ಮ ಮಾವನವರು ಇದ್ದಾಗಿಂದನೂ?"

"ಹೂಂ ರಿ."

"ಮಳಿಗಾಲದಾಗ ತಿಳಕೊಂಡಿ. ಈಗ ಹೇಳತಿ," ಎಂದರು. ಅಷ್ಟೇ. ಕೋಲೂರಿಕೊಂಡು ಮನೆಗೆ ಹೋದರು. ಆ ಸಂಜೆ ಕೀರ್ತನೆಯ ಮಧ್ಯದಲ್ಲಿ ಅವರಿಗೆ ಮುಂದಿನ ಮಾತು ಮರೆತುಹೋಯಿತು. ನನಗೆ ತಿಳಿದಂತೆ ಹಾಗೆ ಆದದ್ದು ಅದೇ ಮೊದಲು. ಮಗಳು ಪುಸ್ತಕ ತೆಗೆದು ಓದಿ ಮುಗಿಸಿದಳು. ಅಲ್ಲಿಂದ ಮುಂದೆ ಅತ್ತೆ ನನ್ನ ಜೊತೆ ಊಟ, ನೀರು, ಗುಳಿಗೆ ಇಷ್ಟಕ್ಕೇ ಮಾತಾಡಿದರು. ಆ ಸಾಲಿನ ಕಡೆ ಕಾಲಿಡಲಿಲ್ಲ. ನನಗೆ ಅವರ ಮೇಲೆ ಸಿಟ್ಟೂ ಬಂತು. ಹೇಳದಿದ್ದರೆ ಜಿಪುಣಿ, ಹೇಳಿದರೆ ಕಳ್ಳಿ. ಅರವತ್ತು ಗಿಡದ ಹಿಂದೆ ನನ್ನ ಬೆನ್ನು ಮುರಿದದ್ದು ಯಾರಿಗೂ ಬೇಕಾಗಿರಲಿಲ್ಲ.

ಚಳಿ ಬಿದ್ದ ಮೇಲೆ ರೋಗ ನಿಂತಿತು. ಉಳಿದ ಕೆಲವು ಗೊಂಚಲುಗಳಿಗೆ ಹಳೆಯ ಪತ್ರಿಕೆಯ ಚೀಲ ಮಾಡಿ ಕಟ್ಟಿದೆ. ಹಿಟ್ಟು ತಿಗಣೆ ಕಂಡಲ್ಲಿ ಸಾಬೂನು ನೀರಲ್ಲಿ ಅದ್ದಿದ ಬ್ರಶ್ಶಿನಿಂದ ಉಜ್ಜಿದೆ. ಫೆಬ್ರವರಿಯಲ್ಲಿ ಇಡೀ ಪಡ ಕೊಯ್ದು, ಹಣ್ಣನ್ನು ಬೇಗ ಒಣಗಿಸುವ ದ್ರಾವಣದಲ್ಲಿ ಅದ್ದಿ, ಜಾಳಿಗೆಗೆ ಹಾಕಿ, ಕೂಲಿಯವರೆಲ್ಲ ಹೋದ ಮೇಲೆ, ಎಲ್ಲಕ್ಕೂ ಕೊನೆಗೆ ಸಭೆಯ ಸಾಲು ಕೊಯ್ದೆ. ಒಂದೇ ಬುಟ್ಟಿ. ಸಣ್ಣ ಹಣ್ಣು, ಒಂದು ಹಳದಿ, ಒಂದು ಹಸಿರು. ಬೇರೆ ವರ್ಷ ಇಂಥ ಗೊಂಚಲನ್ನು ಎಮ್ಮೆಗೆ ಹಾಕುತ್ತಿದ್ದೆವು.

ಒಂದು ಕಿಲೋವನ್ನು ಲ್ಯಾಬಿಗೆ ಕಳಿಸಿದೆ. ವರದಿ ಬರುವವರೆಗೆ ಬುಟ್ಟಿ ಫ್ರಿಜ್ಜಿನಲ್ಲಿತ್ತು, ಹಾಲು ಇಡಲು ಜಾಗವಿಲ್ಲ ಎಂದು ಮನೆಯವರು ಗೊಣಗಿದರು. ವರದಿಯಲ್ಲಿ ಎಲ್ಲ ಔಷಧದ ಮುಂದೆಯೂ ಪತ್ತೆಯಾಗಿಲ್ಲ ಎಂದಿತ್ತು, ಒಂದನ್ನು ಬಿಟ್ಟು. ಆ ಒಂದು ಮಿತಿಯೊಳಗೇ ಇತ್ತು, ಬಹಳ ಕಡಿಮೆ. ಆದರೆ ಇತ್ತು. ಪರದೆ ದಾಟಿ ಬಂತೋ, ಮಣ್ಣಿನಲ್ಲಿ ಹಳೆಯದು ಉಳಿದಿತ್ತೋ, ಕಾಕಾನ ಪಡದಿಂದ ಗಾಳಿ ತಂದಿತೋ ನನಗೆ ತಿಳಿಯದು. ಆ ಹಾಳೆ ಹಿಡಿದು ಶೆಡ್ಡಿನ ಹಿಂದೆ ಹೋಗಿ ಅತ್ತುಬಿಟ್ಟೆ. ಅತ್ತದ್ದು ಭುಜದ ನೋವಿಗೋ, ಆ ಒಂದು ಔಷಧಕ್ಕೋ.

ಬುಟ್ಟಿಯ ಹಣ್ಣು ಒಂದೂವರೆ ಬಾಟಲಿ ರಸವಾಯಿತು. ತೊರವಿ ದಾಟಿ ವಿಜಯಪುರದವರೆಗೆ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಅಯ್ಯನವರ ಮನೆಯ ಕಟ್ಟೆಯ ಮೇಲೆ ಕೂತು, ಜುಲೈಯಿಂದ ಆದದ್ದನ್ನೆಲ್ಲ ಹೇಳಿದೆ. ಹುಳಿ ಬಂದಿರಲಿಲ್ಲ ಎಂಬುದನ್ನೂ ಹೇಳಿದೆ.

ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಅವತ್ತ ನಿಮ್ಮ ಮಾರಿ ನೋಡಿ ನನಗ ಅನಿಸಿತ್ರಿ ಅಕ್ಕಾರ. ಕೇಳಲಿಲ್ಲ ನಾ. ಅದು ನಂದೂ ತಪ್ಪ," ಎಂದರು. ಬಾಟಲಿ ಕೆಳಗಿಟ್ಟು, "ಭಾನುವಾರ ಭೋಜನಕ್ಕ ಮುಂಚೆ ಇದನ್ನ ನೀವ ಹೇಳ್ರಿ. ನಾ ಹೇಳಿದ್ರ ಉಪದೇಶ ಆಗತೈತಿ," ಎಂದರು.

ಭಾನುವಾರ ನಿಂತು ಹೇಳಿದೆ. ಬರೆದುಕೊಂಡು ಹೋಗಿದ್ದ ಚೀಟಿ ಕೈಯಲ್ಲಿ ಒದ್ದೆಯಾಗಿತ್ತು, ನೋಡದೆಯೇ ಹೇಳಿದೆ. ಕೊನೆಗೆ, ಇವತ್ತು ತಂದದ್ದೂ ಪೂರ್ತಿ ಸ್ವಚ್ಛ ಅಲ್ಲ, ಇಷ್ಟೇ ನನ್ನ ಕೈಯಲ್ಲಿ ಆಯಿತು ಎಂದೆ.  ಮುಂದಿನ ಬೆಂಚಿನ ಅಜ್ಜಿಯೊಬ್ಬರು ಕೇಳಿದರು.

"ನಮಗೇನರ ಆಗತೈತೇನ ಯವ್ವಾ?"

"ಏನೂ ಆಗೂದಿಲ್ಲಂತ ಹೇಳ್ಯಾರ ರಿ. ನನಗ ಖರೇ ಗೊತ್ತಿಲ್ಲ."

ಇಬ್ಬರು ಎದ್ದು ಹೊರಗೆ ಹೋದರು. ಉಳಿದವರು ಸಾಲಾಗಿ ಬಂದರು. ರಸ ಎಲ್ಲರಿಗೂ ಸಾಲದೆಂದು ಅಯ್ಯನವರು ರೊಟ್ಟಿಯ ಚೂರನ್ನು ಬಟ್ಟಲಿನಲ್ಲಿ ಅದ್ದಿ ಕೊಟ್ಟರು. ಹುಳಿಗೆ ಒಬ್ಬೊಬ್ಬರ ಮುಖವೂ ಕಿವಿಚಿತು. ಅತ್ತೆ ಮಾತ್ರ ಬೆಂಚಿನಿಂದ ಏಳಲಿಲ್ಲ. ಮಗಳು ಕೈ ಚಾಚಿದರೂ ತಲೆ ಅಲ್ಲಾಡಿಸಿದರು. ವರ್ಷಗಟ್ಟಲೆ ಒಂದು ತಿಂಗಳೂ ತಪ್ಪಿಸದವರು. ಬರುವಾಗ ಬಸ್ಸಿನಲ್ಲಿ ಅವರ ಪಕ್ಕದ ಸೀಟಿನಲ್ಲೇ ಕೂತಿದ್ದೆ, ಅವರು ಕಿಟಕಿಯ ಕಡೆ ಮುಖ ಮಾಡಿಕೊಂಡರು. ಸಭೆ ನನ್ನನ್ನು ಕ್ಷಮಿಸಬಹುದು, ಈ ಮುದುಕಿ ಕ್ಷಮಿಸುವುದಿಲ್ಲ ಎಂದು ತೀರ್ಮಾನಿಸಿಕೊಂಡೆ.

ಪಡಕ್ಕೆ ವರ್ಷಕ್ಕೆ ಎರಡು ಚಾಟ್ನಿ. ಏಪ್ರಿಲ್ ಚಾಟ್ನಿಯ ದಿನ ಬಂತು. ಆ ದಿನ ಬೆಳಿಗ್ಗೆ ಸಭೆಯ ಸಾಲಿನ ತಲೆಗೆ ಎಲ್ಲರೂ ಸೇರುವುದು ರೂಢಿ. ಅತ್ತೆ ಪ್ರಾರ್ಥನೆ ಮಾಡಿ, ಮಾವನವರ ಹಳೆಯ ಕತ್ತರಿಯನ್ನು ಮಗನ ಕೈಗೆ ಕೊಡುತ್ತಾರೆ, ಅವರು ಮೊದಲ ಕಡ್ಡಿ ಕತ್ತರಿಸುತ್ತಾರೆ. ನಾವೂ ಕೂಲಿಯವರೂ ಬಾವಿಯ ಬಳಿ ಬಂದು ಕಾಯುತ್ತಾ ನಿಂತೆವು. ಅತ್ತೆ ಕತ್ತರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಯಿಂದ ಬಂದವರು ನಮ್ಮ ಮುಂದೆಯೇ ಹಾದು, ನಿಲ್ಲದೆ, ಬದುವಿನ ಗುಂಟ ನಡೆದುಬಿಟ್ಟರು. ಪಡದ ಆ ತುದಿ, ಕಡೆಯ ಸಾಲಿನವರೆಗೆ. ಬಿಸಿಲಿನಲ್ಲಿ ಅಷ್ಟು ದೂರ ಅವರು ಇತ್ತೀಚೆಗೆ ನಡೆದದ್ದೇ ಇಲ್ಲ. ನಾವೆಲ್ಲ ಹಿಂದೆ ಹಿಂದೆ ಹೋದೆವು.

ಅಲ್ಲಿ ಚಪ್ಪಲಿ ಬಿಟ್ಟು ನಿಂತು ಪ್ರಾರ್ಥನೆ ಮಾಡಿದರು. ಕತ್ತರಿಯನ್ನು ಮಗನಿಗೆ ಕೊಡಲಿಲ್ಲ, ನನಗೆ ಕೊಟ್ಟರು.

"ಇಲ್ಲಿಂದ ಚಾಲೂ ಮಾಡ್ರಿ. ಇನ್ನ ಮ್ಯಾಲ ಎಲ್ಲಾದರಾಗೂ ಸಭಾದ ಸಾಲು ಕಡೀಕ."

"ಯವ್ವಾ, ಅಪ್ಪ ಹಾಕಿದ ಪದ್ಧತಿ ಐತಿ ಬೇ," ಎಂದರು ಮನೆಯವರು.

"ನಿಮ್ಮಪ್ಪಗ ಗೊತ್ತಿರಲಿಲ್ಲ. ಗೊತ್ತಿದ್ರ ಅವರ ಮೊದಲ ಬದಲ ಮಾಡ್ತಿದ್ರು," ಎಂದು ಅತ್ತೆ ಅಂದರು.

ಆ ದಿನ, ಮರುದಿನ, ಅದರ ಮರುದಿನ ಚಾಟ್ನಿ ನಡೆಯಿತು. ಸಭೆಯ ಸಾಲಿಗೆ ಬಂದಾಗ ನಾಲ್ಕನೇ ದಿನದ ಸಂಜೆ, ಕೂಲಿಯವರು ಹೊರಟಿದ್ದರು, ನನ್ನ ಬೆರಳು ಮಡಚಲು ಬರುತ್ತಿರಲಿಲ್ಲ. ಅತ್ತೆ ಆ ಸಾಲಿನ ತಲೆಯಲ್ಲಿ ನೆಲದ ಮೇಲೆ ಕೂತಿದ್ದರು. ನವೆಂಬರಿನ ನಂತರ ಅಲ್ಲಿಗೆ ಬಂದದ್ದು ಅದೇ ಮೊದಲು. ರವದಿ ಸರಿಸಿ, ನಡುಗುವ ಕೈಯಿಂದ ಮಣ್ಣು ಕೆದರಿ ನೋಡುತ್ತಿದ್ದರು.

"ಎರೆಹುಳ ಬಂದಿಲ್ಲಲಾ ಇನ್ನಾ," ಎಂದರು.

"ಇಲ್ರಿ. ಬರತಾವ, ಟೈಮ್ ಹಿಡಿತೈತಿ."

ನಾನೂ ಪಕ್ಕದಲ್ಲಿ ಕೂತೆ. ಅವರು ಮಣ್ಣಿನ ಮೇಲೆ ಕೈ ಇಟ್ಟುಕೊಂಡೇ ಇದ್ದರು.

"ಅವತ್ತ ಚರ್ಚಿನ್ಯಾಗ ನಿನ್ನ ಮ್ಯಾಲಿನ ಸಿಟ್ಟಿಗಿ ಎದ್ದಿಲ್ಲಂತ ತಿಳಕೊಂಡಿ ನೀ."

ನಾನು ಕತ್ತರಿ ಕೆಳಗಿಟ್ಟೆ.

"ಇಷ್ಟು ವರ್ಷ ಇಲ್ಲೇ ನಿಂತು, ಇದಕ್ಕ ಇನ್ನಷ್ಟು ಹೊಡೀರಿ ಅಂದಾಕಿ ನಾ. ಬಟ್ಟಲ ಮುಟ್ಟೂ ಮುಂಚೆ ಈ ಮಣ್ಣಿಗಿ ತಪ್ಪಾತು ಅನ್ನಬೇಕಿತ್ತು ಯವ್ವಾ. ಅಂದಿರಲಿಲ್ಲ."

ಕೈಯ ಮಣ್ಣನ್ನು ಅವರು ಕೊಡವಲಿಲ್ಲ. ಆ ಕೈಯನ್ನೇ ನನ್ನ ಕಡೆ ಚಾಚಿದರು, ಎಬ್ಬಿಸಲೆಂದು. ಎಬ್ಬಿಸಿದೆ. ಆಮೇಲೆ ಇಬ್ಬರೂ ಸೇರಿ ಮೊದಲ ಗಿಡದ ಕಡ್ಡಿ ಕತ್ತರಿಸಿದೆವು.